ಹಳದಿ ಗೂಡಿನ ಹುಳುಗಳಿಗೆ ಬಿಳಿ ಗೂಡಿನ ಮಕ್ಕಳು ಹುಟ್ಟಿದ್ದೇಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ತಾತನ ಕಾಲದಿಂದ ರೇಷ್ಮೆ ಬೆಳೆಯುತ್ತಿದ್ದೇವೆ. ಕಳೆದ ಬೆಳೆಯಲ್ಲಿ ಮಿಶ್ರತಳಿಯ ಒಂದಷ್ಟು ಒಳ್ಳೆಯ ಹಳದಿ ಗೂಡುಗಳನ್ನು ಮಾರದೆ ಉಳಿಸಿಕೊಂಡು, ಚಿಟ್ಟೆ ಹೊರಬಂದ ಮೇಲೆ ಕಾಗದದ ಮೇಲೆ ಮೊಟ್ಟೆ ಇಡಿಸಿದೆವು. ಕೆಲವು ಚಿಟ್ಟೆಗಳ ಮೊಟ್ಟೆಗಳು ಹತ್ತು ದಿನಕ್ಕೆ ಒಡೆದವು, ಕೆಲವು ಕಪ್ಪಾಗಿ ಹಾಗೆಯೇ ಉಳಿದಿವೆ. ಹುಟ್ಟಿದ ಹುಳುಗಳನ್ನು ಸಾಕಿದರೆ ಗೂಡುಗಳು ಒಂದೊಂದು ಒಂದೊಂದು ರೀತಿ: ಹಳದಿ, ಬಿಳಿ, ದಪ್ಪ, ಸಣ್ಣ. ಪಿಯುಸಿ ಓದುವ ಮಗ ‘ಎಲ್ಲವೂ ಡಿಎನ್‌ಎಯಲ್ಲಿ ಬರೆದಿರುತ್ತದೆ’ ಎನ್ನುತ್ತಾನೆ. ಹಾಗಾದರೆ ಮರಿಹುಳು ಸಾಕಿಕೊಡುವ ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ಹುಳು ತಂದರೂ ಪಕ್ಕದ ಮನೆಯವರಿಗೆ ನೂರು ಮೊಟ್ಟೆಗೆ (ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳಿಗೆ) 80 ಕೆ.ಜಿ., ನಮಗೆ 58 ಕೆ.ಜಿ. ಗೂಡು ಬಂದದ್ದು ಹೇಗೆ?

ಉತ್ತರ: ಮೂವತ್ತು ವರ್ಷ ರೇಷ್ಮೆ ಬಿತ್ತನೆಯ ಕೆಲಸದಲ್ಲೇ ಕಳೆದವನು ನಾನು. ವಂಶವಾಹಿಗಳ ಬಗ್ಗೆ ಕಾಲೇಜಿನ ಹುಡುಗರಿಗೆ ಹೇಳಿಕೊಡುವಾಗ ಬಟಾಣಿ ಗಿಡದ ಉದಾಹರಣೆ ಕೊಟ್ಟು ಕೊಟ್ಟು ಬೇಸತ್ತು, ಕೊನೆಗೆ ಹುಳು ಮನೆಗೇ ಕರೆದುಕೊಂಡು ಹೋಗುತ್ತಿದ್ದೆ. ನೀವು ಮನೆಯಲ್ಲಿ ಮಾಡಿ ನೋಡಿದ್ದು ಅದೇ ಪಾಠ. ನಿಮ್ಮ ಮಗನ ಮಾತು ಸುಳ್ಳಲ್ಲ. ಆದರೆ ‘ಬರೆದಿರುತ್ತದೆ’ ಎಂದಾಗ ಏನು ಬರೆದಿರುತ್ತದೆ ಎಂದು ಕೇಳಬೇಕು. ಗೂಡಿನ ಬಣ್ಣವಾಗಲಿ, ತೂಕವಾಗಲಿ, ಹುಳುವಿನ ಚಿತ್ರವಾಗಲಿ ಡಿಎನ್‌ಎಯಲ್ಲಿ ಎಲ್ಲಿಯೂ ಇಲ್ಲ. ಮನೆಯ ನಕ್ಷೆಯಲ್ಲಿ ಅಡುಗೆಮನೆಯನ್ನು ಬೆರಳಿಟ್ಟು ತೋರಿಸಬಹುದು. ಡಿಎನ್‌ಎಯಲ್ಲಿ ಹಾಗೆ ತೋರಿಸಲು ಬರುವುದಿಲ್ಲ. ಹುಳು ಸಾಕುವುದನ್ನು ಮಗನಿಗೆ ಹೇಗೆ ಕಲಿಸಿದಿರಿ? ಗೂಡಿನ ಚಿತ್ರ ಕೊಟ್ಟು ‘ಇಂಥದ್ದು ಮಾಡು’ ಎನ್ನಲಿಲ್ಲ. ಜ್ವರ (ಪೊರೆ ಕಳಚುವ ಮುನ್ನ ಹುಳು ಮೇಯದೆ ಕೂರುವ ಹೊತ್ತು) ಎದ್ದ ಮೇಲೆ ಸೊಪ್ಪು ಹಾಕು, ಸೆಕೆ ಹೆಚ್ಚಾದರೆ ಕಿಟಕಿ ತೆರೆ, ಹಣ್ಣಾದರೆ, ಅಂದರೆ ಗೂಡು ಕಟ್ಟಲು ಸಿದ್ಧವಾದರೆ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡು ಎಂದಿರಿ. ಹೀಗಾದಾಗ ಹೀಗೆ ಮಾಡು, ಅಷ್ಟೇ. ಡಿಎನ್‌ಎ ಮಾತನಾಡುವುದೂ ಇದೇ ರೀತಿ.

ಅದನ್ನು ಕಣ್ಣಿನಿಂದಲೇ ನೋಡಬಹುದು. ನಾಲ್ಕನೇ ಜ್ವರ ಎದ್ದು ಐದಾರು ದಿನವಾದ, ಇನ್ನೇನು ಹಣ್ಣಾಗಲಿರುವ ಹುಳು ಒಂದನ್ನು ಉಪ್ಪುನೀರಿನ ತಟ್ಟೆಯಲ್ಲಿ ಮಲಗಿಸಿ, ಸಣ್ಣ ಕತ್ತರಿಯಿಂದ ಬೆನ್ನಿನ ಉದ್ದಕ್ಕೂ ಸೀಳಿದರೆ, ಹಸಿರು ತುಂಬಿದ ಕರುಳಿನ ಎರಡೂ ಪಕ್ಕದಲ್ಲಿ ರೇಷ್ಮೆ ಗ್ರಂಥಿಗಳು ನೀರಿಗೆ ತೇಲಿಬರುತ್ತವೆ. ಇಡೀ ಹುಳುವಿನ ತೂಕದ ಕಾಲು ಭಾಗಕ್ಕಿಂತ ಹೆಚ್ಚು ಈ ಗ್ರಂಥಿಗಳದ್ದೇ. ಹಿಂಭಾಗ ಸಿಕ್ಕು ಬಿದ್ದ ತೆಳು ದಾರದಂತೆ ಬಣ್ಣವಿಲ್ಲದೆ ಇರುತ್ತದೆ. ನಡುಭಾಗ ದಪ್ಪ, ಬಾಗಿದ ಕೊಳವೆ. ನಿಮ್ಮ ಮಿಶ್ರತಳಿಯ ಹುಳುವಾದರೆ ಆ ನಡುಭಾಗ ಮಾತ್ರ ಹಳದಿಯಾಗಿ ಹೊಳೆಯುತ್ತದೆ. ಮುಂಭಾಗ ಕೂದಲೆಳೆಯಷ್ಟು ಸಪೂರವಾಗಿ ಬಾಯಿಯ ಕಡೆಗೆ ಹೋಗುತ್ತದೆ. ಹಿಂಭಾಗದಲ್ಲಿ ತಯಾರಾಗುವುದು ಫೈಬ್ರಾಯಿನ್, ಅಂದರೆ ಎಳೆಯ ತಿರುಳು. ನಡುಭಾಗದಲ್ಲಿ ಅದರ ಮೇಲೆ ಸೆರಿಸಿನ್ ಎಂಬ ಅಂಟಿನ ಪದರ ಕೂಡುತ್ತದೆ. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಸಡಿಲ ಮಾಡುವುದು ಈ ಅಂಟನ್ನೇ. ಬಣ್ಣವೂ ಹೆಚ್ಚಾಗಿ ಈ ಅಂಟಿನಲ್ಲೇ ಇರುತ್ತದೆ. ಹಳದಿ ನೂಲಿನ ಅಂಟು ತೆಗೆದರೆ ಬಿಳಿ ರೇಷ್ಮೆ ಸಿಗುವುದು ಅದಕ್ಕೇ.

ಈ ಮೂರು ಭಾಗಗಳ ಜೀವಕೋಶಗಳಲ್ಲಿಯೂ, ಹುಳುವಿನ ಚರ್ಮದಲ್ಲಿಯೂ, ಕಾಲಿನಲ್ಲಿಯೂ ಇರುವ ಡಿಎನ್‌ಎ ಒಂದೇ. ಎ, ಟಿ, ಜಿ, ಸಿ ಎಂದು ಗುರುತಿಸುವ ನಾಲ್ಕು ರಾಸಾಯನಿಕ ಅಕ್ಷರಗಳು ಸುಮಾರು 45 ಕೋಟಿಯಷ್ಟು ಸಾಲಾಗಿ ನಿಂತ ಬರಹ ಅದು. 28 ಜೊತೆ ವರ್ಣತಂತುಗಳಲ್ಲಿ ಸುತ್ತಿಕೊಂಡಿದೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಈ ಬರಹದ ನಡುನಡುವೆ ಪ್ರೋಟೀನು ತಯಾರಿಸುವ ಆದೇಶಗಳಿವೆ. ಅವನ್ನೇ ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ. ರೇಷ್ಮೆ ಹುಳುವಿನಲ್ಲಿ ಅಂಥವು ಹದಿನೈದು ಹದಿನಾರು ಸಾವಿರ ಇವೆ. ಮೂರು ಅಕ್ಷರ ಸೇರಿದರೆ ಪ್ರೋಟೀನಿನ ಒಂದು ಮಣಿ, ಅಂದರೆ ಒಂದು ಅಮೈನೊ ಆಮ್ಲ. ಈ ಸಂಕೇತವನ್ನು ಬಿಡಿಸಿದ್ದಕ್ಕಾಗಿ 1968ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ನಮ್ಮ ಹರಗೋವಿಂದ ಖುರಾನ ಒಬ್ಬರು. ಜಿಜಿ ಎಂದು ಶುರುವಾಗುವ ಮೂರಕ್ಷರ ಯಾವುದೇ ಇರಲಿ, ಅದು ಗ್ಲೈಸಿನ್. ಜಿಸಿ ಎಂದು ಶುರುವಾದರೆ ಅಲನಿನ್. ಫೈಬ್ರಾಯಿನ್‌ನ ಮುಖ್ಯ ಸರಪಳಿಯಲ್ಲಿ 5,263 ಮಣಿಗಳಿವೆ. ಅದರ ಬಹುಭಾಗ ಗ್ಲೈಸಿನ್-ಅಲನಿನ್, ಗ್ಲೈಸಿನ್-ಅಲನಿನ್, ಗ್ಲೈಸಿನ್-ಸೆರಿನ್ ಎಂದು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ಈ ಮಣಿಗಳು ಸಣ್ಣವಾದ್ದರಿಂದ ಸರಪಳಿಗಳು ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ. ರೇಷ್ಮೆಯ ಗಟ್ಟಿತನ ಬಂದದ್ದು ಅಲ್ಲಿಂದ. ಡಿಎನ್‌ಎಯ ಅಕ್ಷರದಿಂದ ಮದುವೆ ಸೀರೆಯವರೆಗೆ ಹೀಗೆ ನೇರವಾಗಿ ಬೆರಳಿಟ್ಟು ತೋರಿಸಬಹುದಾದ ದಾರಿ ಜೀವಜಗತ್ತಿನಲ್ಲಿ ತೀರಾ ಅಪರೂಪ.

ಒಂದು ಹುಳು ಇಷ್ಟೊಂದು ರೇಷ್ಮೆ ಮಾಡಬೇಕಾದರೆ ಗ್ರಂಥಿಯ ಜೀವಕೋಶದಲ್ಲಿ ಫೈಬ್ರಾಯಿನ್ ಜೀನ್ ಒಂದೇ ಹೆಚ್ಚು ಪ್ರತಿಗಳಾಗಿರಬೇಕು ಎಂಬ ಊಹೆ ಹಿಂದೆ ಇತ್ತು. ಯೋಷಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ 1972ರಲ್ಲಿ ಅದು ಹಾಗಲ್ಲ ಎಂದು ತೋರಿಸಿದರು. ಗ್ರಂಥಿಯ ಜೀವಕೋಶಗಳು ಒಡೆದು ಎರಡಾಗದೆ, ಒಳಗಿನ ಡಿಎನ್‌ಎಯನ್ನು ಮಾತ್ರ ಲಕ್ಷಾಂತರ ಪಟ್ಟು ಹೆಚ್ಚಿಸಿಕೊಳ್ಳುತ್ತವೆ, ನಿಜ. ಆದರೆ ಹೆಚ್ಚುವುದು ಇಡೀ ಡಿಎನ್‌ಎ. ಫೈಬ್ರಾಯಿನ್ ಜೀನಿಗೆ ವಿಶೇಷ ಪಾಲಿಲ್ಲ. ಆ ಜೀವಕೋಶದಲ್ಲಿ ಸೆರಿಸಿನ್ ಜೀನೂ ಇದೆ, ರೆಕ್ಕೆಗೆ ಬೇಕಾದ ಜೀನೂ ಇದೆ. ಓದುತ್ತಿರುವುದು ಮಾತ್ರ ಫೈಬ್ರಾಯಿನ್ ಪುಟವನ್ನು. ಯಾವ ಪುಟ ತೆರೆಯಬೇಕು ಎಂಬುದನ್ನು ಬೇರೆ ಜೀನ್‌ಗಳಿಂದ ತಯಾರಾದ ನಿಯಂತ್ರಕ ಪ್ರೋಟೀನುಗಳು ಡಿಎನ್‌ಎಯ ಆಯಾ ಜಾಗಕ್ಕೆ ಅಂಟಿಕೊಂಡು ತೀರ್ಮಾನಿಸುತ್ತವೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲವಲ್ಲ, ಆ ಹೊತ್ತಿನಲ್ಲಿ ಫೈಬ್ರಾಯಿನ್ ಪುಟವೂ ಮುಚ್ಚಿರುತ್ತದೆ. ಜ್ವರ ಎದ್ದ ಮೇಲೆ ಮತ್ತೆ ತೆರೆದುಕೊಳ್ಳುತ್ತದೆ. ಜ್ವರಕ್ಕೆ ಕೂರಿಸುವುದು ಎಕ್ಡೈಸೋನ್ ಎಂಬ ಹಾರ್ಮೋನು. ಅದನ್ನು ಮೊದಲು ಬೇರ್ಪಡಿಸಿದ್ದೂ ರೇಷ್ಮೆ ಹುಳುವಿನಿಂದಲೇ. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್ಸನ್ 500 ಕೆ.ಜಿ. ಪ್ಯೂಪಾ (ಗೂಡಿನೊಳಗೆ ಚಿಟ್ಟೆಯಾಗುತ್ತಿರುವ ಹುಳು) ಅರೆದು ಪಡೆದದ್ದು 25 ಮಿಲಿಗ್ರಾಂ.

ಹುಳು, ಪ್ಯೂಪಾ, ಚಿಟ್ಟೆ ಮೂರಕ್ಕೂ ಡಿಎನ್‌ಎ ಒಂದೇ ಎಂಬುದನ್ನು ಮಗನಿಗೆ ನೆನಪಿಸಿ. ಒಂದು ಅಕ್ಷರವೂ ಬದಲಾಗದೆ, ಸೊಪ್ಪು ಮೇಯುವ ಹದಿನಾರು ಕಾಲಿನ ಜೀವ ಆಹಾರವನ್ನೇ ಮುಟ್ಟದ ಆರು ಕಾಲಿನ ಚಿಟ್ಟೆಯಾಗುತ್ತದೆ. ಡಿಎನ್‌ಎ ದೇಹದ ಚಿತ್ರವಾಗಿದ್ದರೆ ಎರಡು ಬೇರೆ ದೇಹಗಳು ಅದರಿಂದ ಬರುತ್ತಿರಲಿಲ್ಲ.

ಈಗ ನಿಮ್ಮ ಬಿಳಿ ಗೂಡುಗಳಿಗೆ ಬರೋಣ. ಗೂಡಿನ ಹಳದಿ ಹುಳು ತಯಾರಿಸಿದ್ದಲ್ಲ. ಹಿಪ್ಪುನೇರಳೆ ಸೊಪ್ಪಿನಲ್ಲಿರುವ ಕ್ಯಾರೊಟಿನಾಯ್ಡ್ ವರ್ಣದ್ರವ್ಯ ಅದು. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಅದನ್ನು ಹೊತ್ತು ದಾಟಿಸುವ ಪ್ರೋಟೀನುಗಳು ಬೇಕು. ಮೊದಲ ದಾಟುವಿಕೆಗೆ ಬೇಕಾದ ಒಂದು ಪ್ರೋಟೀನಿನ ಜೀನಿಗೆ ‘ಹಳದಿ ರಕ್ತ’ ಜೀನ್ ಎಂದೇ ಹೆಸರು. ಬಿಳಿ ಗೂಡಿನ ಎಷ್ಟೋ ತಳಿಗಳಲ್ಲಿ ಆ ಜೀನಿನ ಒಂದು ತುಂಡು ಕಳೆದುಹೋಗಿದೆ. ಪ್ರೋಟೀನು ಸರಿಯಾಗಿ ತಯಾರಾಗುವುದಿಲ್ಲ, ತಿಂದ ಸೊಪ್ಪಿನ ಹಳದಿ ಹಿಕ್ಕೆಯಲ್ಲೇ ಹೋಗಿಬಿಡುತ್ತದೆ. 2007ರಲ್ಲಿ ಜಪಾನಿನ ವಿಜ್ಞಾನಿಗಳು ಬಿಳಿ ಗೂಡಿನ ಹುಳುವಿಗೆ ಆ ಜೀನನ್ನು ಸೇರಿಸಿದಾಗ ಅದು ಹಳದಿ ಗೂಡು ಕಟ್ಟಿತು. ಇನ್ನೊಂದು ಕಡೆಯಿಂದ ನೋಡಿ: ಜೀನ್ ಸರಿಯಾಗಿದ್ದರೂ ಕ್ಯಾರೊಟಿನಾಯ್ಡ್ ಇಲ್ಲದ ಕೃತಕ ಆಹಾರ ಕೊಟ್ಟು ಸಾಕಿದರೆ ಆ ಹಳದಿ ಬರುವುದಿಲ್ಲ. ಹಾಗಾದರೆ ಬಣ್ಣ ಜೀನಿನದೋ ಸೊಪ್ಪಿನದೋ? ಈ ಪ್ರಶ್ನೆಯನ್ನು ಹೀಗೆ ಕೇಳುವುದೇ ತಪ್ಪು ಎಂದು ನಾನು ಪ್ರತಿ ವರ್ಷ ಹುಡುಗರಿಗೆ ಹೇಳುತ್ತಿದ್ದೆ. ಬಾವಿಯ ನೀರು ಮೇಲೆ ಬಂದದ್ದು ಹಗ್ಗದಿಂದಲೋ ಬಿಂದಿಗೆಯಿಂದಲೋ ಎಂದು ಕೇಳಿದಂತೆ.

ನೀವು ತರುವ ಮಿಶ್ರತಳಿ ಮೊಟ್ಟೆ ಮೈಸೂರು ತಳಿಯ ಹೆಣ್ಣು ಮತ್ತು ಸಿಎಸ್‌ಆರ್-2 ಎಂಬ ದ್ವಿತಳಿಯ (ಸಹಜವಾಗಿ ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ತಳಿಯ) ಗಂಡು ಸೇರಿ ಹುಟ್ಟಿದ್ದು. ಮೈಸೂರು ತಳಿ ನಮ್ಮ ಬಿಸಿಲು ತಡೆಯುತ್ತದೆ, ರೋಗ ತಡೆಯುತ್ತದೆ, ಆದರೆ ಗೂಡು ಹಗುರ, ಎಳೆ ಗಿಡ್ಡ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಸಿಎಸ್‌ಆರ್-2 ಬಿಳಿ ಗೂಡಿನದು. ಎಳೆ ಉದ್ದ, ಆದರೆ ಹುಳು ಸೂಕ್ಷ್ಮ. ಎರಡೂ ಶುದ್ಧ ತಳಿಗಳಾದ್ದರಿಂದ ಅವುಗಳ ಮೊದಲ ಪೀಳಿಗೆಯ ಮಕ್ಕಳೆಲ್ಲ ಒಂದೇ ಅಚ್ಚಿನಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ತಾಯಿಯಿಂದ ಬಣ್ಣ ದಾಟಿಸುವ ಜೀನ್ ಒಂದು, ತಂದೆಯಿಂದ ದಾಟಿಸದ ಜೀನ್ ಒಂದು. ದಾಟಿಸಲು ಒಂದು ಪ್ರತಿ ಸಾಕು, ಆದ್ದರಿಂದ ಎಲ್ಲ ಗೂಡೂ ಹಳದಿ. ನೀವು ಆ ಮಕ್ಕಳನ್ನೇ ಒಂದಕ್ಕೊಂದು ಕೂಡಿಸಿದಿರಿ. ಆಗ ನಾಲ್ಕರಲ್ಲೊಂದು ಹುಳುವಿಗೆ ಎರಡೂ ಕಡೆಯಿಂದ ದಾಟಿಸದ ಜೀನೇ ಬರುತ್ತದೆ, ಗೂಡು ಬಿಳಿಯಾಗುತ್ತದೆ. ಜಪಾನಿನ ಟೋಯಾಮ ಕಾಮೆಟಾರೊ ಸಯಾಮಿನ (ಇಂದಿನ ಥಾಯ್ಲೆಂಡಿನ) ಹಳದಿ ತಳಿಯನ್ನೂ ಜಪಾನಿನ ಬಿಳಿ ತಳಿಯನ್ನೂ ಕೂಡಿಸಿ ಈ ಲೆಕ್ಕವನ್ನು 1906ರಲ್ಲೇ ತೋರಿಸಿದರು. ಮೆಂಡೆಲ್ ಬಟಾಣಿಯಲ್ಲಿ ಕಂಡದ್ದು ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂದು ಜಗತ್ತಿಗೆ ಮನದಟ್ಟು ಮಾಡಿಸಿದ ಮೊದಲ ಕೆಲವು ಪ್ರಯೋಗಗಳಲ್ಲಿ ಅದೂ ಒಂದು. ನಿಮ್ಮ ತಟ್ಟೆಯಲ್ಲಿ ಲೆಕ್ಕ ಅಷ್ಟು ಚೊಕ್ಕವಾಗಿ ಬಂದಿರಲಾರದು. ಗ್ರಂಥಿಗೆ ದಾಟಿಸುವ ಜೀನ್‌ಗಳು ಬೇರೆ, ಹಸಿರು ಛಾಯೆ ಕೊಡುವ ಫ್ಲೇವನಾಯ್ಡ್‌ಗಳ ಜೀನ್‌ಗಳು ಬೇರೆ. ನಡುವಿನ ಛಾಯೆಗಳು ಬರುವುದು ಹಾಗೆ.

ಬಣ್ಣಕ್ಕೆ ಕೆಲವೇ ಜೀನ್‌ಗಳು ಸಾಕು. ಗೂಡಿನ ತೂಕ, ಎಳೆಯ ಉದ್ದ, ಸೆಕೆ ತಡೆಯುವ ಶಕ್ತಿ ಇವಕ್ಕೆ ನೂರಾರು ಜೀನ್‌ಗಳ ಕೂಡಾಟ ಬೇಕು. ಮಿಶ್ರತಳಿಯ ತಾಯಿಚಿಟ್ಟೆ ಮೊಟ್ಟೆಯೊಂದಕ್ಕೆ ತನ್ನ 28 ಜೊತೆಗಳಲ್ಲಿ ಪ್ರತಿಯೊಂದರಿಂದ ಒಂದೊಂದು ವರ್ಣತಂತು ಕೊಡುತ್ತದೆ: ಮೈಸೂರು ತಳಿಯ ಅಜ್ಜಿಯದೋ, ಸಿಎಸ್‌ಆರ್ ತಾತನದೋ. ರೇಷ್ಮೆ ಹುಳುವಿನ ಹೆಣ್ಣಿನಲ್ಲಿ ಜೊತೆಯ ವರ್ಣತಂತುಗಳು ತುಂಡು ಬದಲಿಸಿಕೊಳ್ಳುವುದಿಲ್ಲ, ಇಡಿಯಾಗಿಯೇ ಹೋಗುತ್ತವೆ. ಆದರೂ 28 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 26,84,35,456 ಬಗೆ. ಇದು ತಾಯಿಯ ಕಡೆಯ ಲೆಕ್ಕ ಮಾತ್ರ. ಗಂಡಿನಲ್ಲಿ ತುಂಡುಗಳೂ ಅದಲುಬದಲಾಗುತ್ತವೆ, ಅಲ್ಲಿ ಎಣಿಕೆಯೇ ಇಲ್ಲ. ಅಜ್ಜಿಯ ಗಟ್ಟಿತನವೂ ತಾತನ ಉದ್ದ ಎಳೆಯೂ ಕೂಡಿಬಂದ ಹುಳು ಅಲ್ಲೊಂದು ಇಲ್ಲೊಂದು ಇರಬಹುದು. ಅಜ್ಜಿಯ ಸಣ್ಣ ಗೂಡೂ ತಾತನ ಸೂಕ್ಷ್ಮ ಮೈಯೂ ಬಂದವೂ ಅಷ್ಟೇ ಇರುತ್ತವೆ. ಇದಕ್ಕಾಗಿಯೇ ಕುಣಿಗಲ್, ಮಾಗಡಿ ಕಡೆಯ ರೈತರು ಮೈಸೂರು ತಳಿಯನ್ನು ಬೆರಕೆಯಾಗದಂತೆ ಬಿತ್ತನೆ ಗೂಡಾಗಿ ಬೆಳೆಯುತ್ತಾರೆ, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳು ಎರಡು ತಳಿಗಳನ್ನು ಪ್ರತಿ ಸಲವೂ ಹೊಸದಾಗಿ ಕೂಡಿಸುತ್ತವೆ. ಮೊಟ್ಟೆ ಮಾರಲು ಹೂಡಿದ ಉಪಾಯ ಇದು ಎಂದು ಕೆಲವರು ನನ್ನೆದುರೇ ಹೇಳಿದ್ದುಂಟು. ಹಾಗೆ ಹೇಳಬೇಡಿ. ಆ ತಳಿಗಳನ್ನು ಶುದ್ಧವಾಗಿ ಉಳಿಸಿಕೊಂಡು ಬಂದವರ ದುಡಿಮೆ ಸಣ್ಣದಲ್ಲ.

ಕಪ್ಪಾಗಿ ಉಳಿದ ಮೊಟ್ಟೆಗಳು ಸತ್ತಿಲ್ಲ, ನಿದ್ದೆಯಲ್ಲಿವೆ. ಇದು ನನಗೆ ಇಡೀ ರೇಷ್ಮೆ ಶಾಸ್ತ್ರದಲ್ಲೇ ಅತಿ ಪ್ರಿಯವಾದ ವಿಷಯ. ಮೈಸೂರು ತಳಿಯ ಮೊಟ್ಟೆ ವರ್ಷವಿಡೀ ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ದ್ವಿತಳಿಯ ಮೂಲ ಚಳಿ ದೇಶದಲ್ಲಿ. ಚಳಿಗಾಲ ಕಳೆಯುವವರೆಗೆ ಮೊಟ್ಟೆಯೊಳಗಿನ ಭ್ರೂಣ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಕಾಯಬೇಕೋ ಬೇಡವೋ ಎಂದು ನಿರ್ಧರಿಸುವುದು ಮೊಟ್ಟೆಯಲ್ಲ, ತಾಯಿ. ಅವಳ ಅನ್ನನಾಳದ ಕೆಳಗಿನ ನರಗಂಟಿನಿಂದ 24 ಅಮೈನೊ ಆಮ್ಲಗಳ ಒಂದು ಪುಟ್ಟ ಹಾರ್ಮೋನು ಹೊರಟು ಬಸಿರಿನ ಮೊಟ್ಟೆಗಳನ್ನು ತಲುಪಿದರೆ ಅವು ಕಪ್ಪಾಗಿ ಮಲಗುತ್ತವೆ. ಆ ಹಾರ್ಮೋನಿನ ಜೀನ್ ದ್ವಿತಳಿಯ ಎಲ್ಲ ಹೆಣ್ಣುಗಳಲ್ಲೂ ಇದೆ. ಅದು ಕೆಲಸಕ್ಕೆ ಇಳಿಯುವುದು ಆ ತಾಯಿ ತಾನೇ ಮೊಟ್ಟೆಯೊಳಗೆ ಭ್ರೂಣವಾಗಿದ್ದಾಗ ಎಷ್ಟು ಶಾಖ ಕಂಡಿದ್ದಳು ಎಂಬುದರ ಮೇಲೆ. 25 ಡಿಗ್ರಿಯಲ್ಲಿ, ಬೆಳಕಿನಲ್ಲಿ ಬೆಳೆದಿದ್ದರೆ ಅವಳ ಮೊಟ್ಟೆಗಳು ಮಲಗುತ್ತವೆ. 15 ಡಿಗ್ರಿಯಲ್ಲಿ, ಕತ್ತಲೆಯಲ್ಲಿ ಬೆಳೆದಿದ್ದರೆ ಮಲಗದೆ ಒಡೆಯುತ್ತವೆ. ತಾಯಿ ಹುಟ್ಟುವ ಮೊದಲು ಕಂಡ ಹವೆ ಮಕ್ಕಳ ನಡತೆಯಲ್ಲಿ ಕಾಣಿಸಿಕೊಳ್ಳುತ್ತದೆ, ಡಿಎನ್‌ಎಯ ಒಂದು ಅಕ್ಷರವೂ ಬದಲಾಗದೆ! ನಿಮ್ಮ ಮಿಶ್ರತಳಿಯ ಹೆಣ್ಣುಗಳಲ್ಲಿ ಎರಡು ಸ್ವಭಾವಗಳ ಜೀನ್‌ಗಳೂ ಬೆರೆತಿವೆ. ಜೀನ್‌ಗಳು ಒಂದೇ ಅಚ್ಚಿನವಾದರೂ, ಬಹುಶಃ ಕಂಡ ಹವೆಯ ಸಣ್ಣ ವ್ಯತ್ಯಾಸದಿಂದಲೇ ಕೆಲವು ತಾಯಂದಿರು ಮಲಗಿಸಿದರು, ಕೆಲವರು ಮಲಗಿಸಲಿಲ್ಲ.

ತಾಯಿಯಿಂದ ಮೊಟ್ಟೆಗೆ ಬಂದದ್ದೆಲ್ಲ ವಂಶವಾಹಿಯೂ ಅಲ್ಲ. ಗಂಟುರೋಗ, ಅಂದರೆ ಪೆಬ್ರಿನ್, ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ನೋಡುವವರಿಗೆ ವಂಶದ ದೋಷದಂತೆಯೇ ಕಾಣುತ್ತದೆ. ಅದು ಸೂಕ್ಷ್ಮಜೀವಿಯ ಕೆಲಸ. 1865ರಿಂದ ಐದಾರು ವರ್ಷ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ದುಡಿದ ಲೂಯಿ ಪಾಶ್ಚರ್, ಮೊಟ್ಟೆ ಇಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅವಳ ಮೊಟ್ಟೆಗಳನ್ನೆಲ್ಲ ನಾಶಮಾಡುವ ಕ್ರಮ ಹಾಕಿಕೊಟ್ಟರು. ‘ರೋಗರಹಿತ ಮೊಟ್ಟೆ’ ಎಂದು ನೀವು ಕೊಳ್ಳುವುದು ಇಂದಿಗೂ ಆ ಪರೀಕ್ಷೆ ದಾಟಿ ಬಂದದ್ದನ್ನು.

ತಾಯಿಯ ಮಾತು ಬಂದಾಗ ಇನ್ನೊಂದನ್ನು ಹೇಳದೆ ಇರಲಾರೆ. ರೇಷ್ಮೆ ಹುಳುವಿನಲ್ಲಿ ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವುದು ತಾಯಿ ಕೊಡುವ ವರ್ಣತಂತು. ಮನುಷ್ಯರಲ್ಲಿ ಅದು ತಂದೆಯ ವೀರ್ಯಾಣು. ಬರೀ ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳನ್ನು ನಮ್ಮ ತಾಲ್ಲೂಕುಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ವಂಶವಾಹಿಯ ವಿದ್ಯೆ ಅಂಥ ಮನೆಗಳಿಗೆ ಮೊದಲು ಹೋಗಬೇಕಿತ್ತು.

ಇನ್ನು 80 ಮತ್ತು 58. ಒಂದೇ ತಳಿಯ, ಒಂದೇ ದಿನದ ಹುಳುಗಳಾದ್ದರಿಂದ ನಿಮ್ಮ ಹುಳುವಿಗೂ ಪಕ್ಕದವರ ಹುಳುವಿಗೂ ಡಿಎನ್‌ಎಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆ 22 ಕೆ.ಜಿ. ಪೂರ್ತಿ ಹುಳು ಮನೆಯದು, ಸೊಪ್ಪಿನದು. ಅದೇ ನಿಮ್ಮ ಒಂದೇ ಹುಳು ಮನೆಯಲ್ಲಿ ಒಂದು ಕಡೆ ಮೈಸೂರು ತಳಿ, ಇನ್ನೊಂದು ಕಡೆ ಸಿಎಸ್‌ಆರ್-2 ಸಾಕಿ, ಒಂದೇ ಸೊಪ್ಪು ಹಾಕಿದ್ದರೆ, ಗೂಡಿನ ತೂಕದ ವ್ಯತ್ಯಾಸ ಬಹುಪಾಲು ಡಿಎನ್‌ಎಯದೇ ಆಗುತ್ತಿತ್ತು. ಜೀನಿನ ಪಾಲು ಎಷ್ಟು, ಸಾಕಣೆಯ ಪಾಲು ಎಷ್ಟು ಎಂಬುದಕ್ಕೆ ಎಲ್ಲ ಕಾಲಕ್ಕೂ ಒಂದೇ ಅಂಕಿ ಇಲ್ಲ. ಯಾವುದನ್ನು ಯಾವುದರ ಜೊತೆ ಹೋಲಿಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮನುಷ್ಯರ ಬುದ್ಧಿ, ಎತ್ತರ, ಸಕ್ಕರೆ ಕಾಯಿಲೆಯ ವಿಷಯದಲ್ಲಿಯೂ ‘ಶೇಕಡಾ ಇಷ್ಟು ಜೀನ್’ ಎಂದು ಯಾರಾದರೂ ಒಂದೇ ಮಾತಿನಲ್ಲಿ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ.

ಇದಕ್ಕೆ ನಿಮ್ಮ ತೋಟವೇ ಸಾಕ್ಷಿ. ವಿ-1 ಎಂಬ ತಳಿಯ ಹಿಪ್ಪುನೇರಳೆಯನ್ನು ಕಡ್ಡಿಯಿಂದ ಬೆಳೆಸುತ್ತೇವೆ. ಆದ್ದರಿಂದ ನಿಮ್ಮ ತೋಟದ ಗಿಡ, ಪಕ್ಕದವರ ಗಿಡ, ಚಿಂತಾಮಣಿಯವರ ಗಿಡ ಎಲ್ಲವೂ ಡಿಎನ್‌ಎ ಲೆಕ್ಕದಲ್ಲಿ ಒಂದೇ ಗಿಡ. ಆದರೂ ಕೊಳವೆಬಾವಿ ಕೈಕೊಟ್ಟ ತಿಂಗಳಲ್ಲಿ ಸೊಪ್ಪು ಬೇಗ ಬಲಿತು ಒರಟಾಗುತ್ತದೆ, ನೀರಿನಂಶ ಇಳಿಯುತ್ತದೆ. ಹುಳು ಐದು ಹಂತಗಳಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಕೊನೆಯ ಹಂತದಲ್ಲೇ ತಿನ್ನುತ್ತದೆ. ಫೈಬ್ರಾಯಿನ್ ಪುಟ ಅಗಲವಾಗಿ ತೆರೆದಿರುವುದೂ ಆಗಲೇ. ಆದೇಶ ಓದುತ್ತಿರುವಾಗ ಮಣಿ ಪೋಣಿಸಲು ಸಾಮಗ್ರಿ ಇಲ್ಲದಿದ್ದರೆ ಜೀನ್ ಏನು ಮಾಡೀತು? ಆ ವಾರ ಹುಳು ಮನೆ 24–25 ಡಿಗ್ರಿಯಲ್ಲಿರಬೇಕು. ಶೀಟಿನ ಛಾವಣಿಯಾದರೆ ಮಧ್ಯಾಹ್ನ ಅದು ಎಷ್ಟಕ್ಕೆ ಏರುತ್ತದೆ ಎಂದು ಒಂದು ಥರ್ಮಾಮೀಟರ್ ತೂಗುಹಾಕಿ ನೋಡಿ. ಪಕ್ಕದವರು ಕೊನೆಯ ಹಂತದಲ್ಲಿ ಯಾವ ಸೊಪ್ಪು, ಎಷ್ಟು ಸಲ ಹಾಕಿದರು, ಹುಳುಗಳನ್ನು ಎಷ್ಟು ಅಗಲಕ್ಕೆ ಹರಡಿದ್ದರು ಎಂದು ಕೇಳಿ. ನನ್ನ ಅನುಭವದಲ್ಲಿ ಇಂಥ ವ್ಯತ್ಯಾಸದ ಕಾರಣ ಹತ್ತರಲ್ಲಿ ಎಂಟು ಸಲ ಈ ಕೊನೆಯ ಏಳು ದಿನಗಳಲ್ಲೇ ಸಿಕ್ಕಿದೆ.

ಮಲಗಿರುವ ಆ ಕಪ್ಪು ಮೊಟ್ಟೆಗಳನ್ನು ಆಮ್ಲ ಉಪಚಾರದಿಂದಲೋ ತಂಪಿನಲ್ಲಿಟ್ಟೋ ಎಬ್ಬಿಸುವ ಕ್ರಮವಿದೆ, ಆದರೆ ನೀವು ಎಬ್ಬಿಸಬೇಡಿ. ಅವುಗಳ ತಾಯಂದಿರನ್ನು ಯಾರೂ ಸೂಕ್ಷ್ಮದರ್ಶಕದಲ್ಲಿ ನೋಡಿಲ್ಲ. ಒಂದರಲ್ಲಿ ಗಂಟುರೋಗವಿದ್ದರೂ ನಿಮ್ಮ ಹುಳು ಮನೆಯ ಜೊತೆಗೆ ನೆರೆಯವರದಕ್ಕೂ ಹಬ್ಬುತ್ತದೆ. ಕಾಗದ ಸಮೇತ ಸುಟ್ಟು, ತಟ್ಟೆ ಚಂದ್ರಿಕೆಗಳನ್ನು ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ತೊಳೆದುಬಿಡಿ. ಮುಂದಿನ ಬೆಳೆಯಲ್ಲಿ ಹುಳು ಹಣ್ಣಾಗುವ ಹಿಂದಿನ ದಿನ ಒಂದೇ ಒಂದು ಹುಳುವನ್ನು ಮಗನಿಗೆ ಕೊಡಿ. ಉಪ್ಪುನೀರು, ಬಿಳಿ ತಟ್ಟೆ, ಸಣ್ಣ ಕತ್ತರಿ ಇದ್ದರೆ ಸಾಕು. ಬೆಳಗಿನ ಬಿಸಿಲಿನಲ್ಲಿ ತಟ್ಟೆ ಹಿಡಿದು, ಹಳದಿ ಎಲ್ಲಿಂದ ಶುರುವಾಗುತ್ತದೆ ಎಂದು ಅವನೇ ಹುಡುಕಲಿ.